ಅಜ್ಜನ ಕೋವಿಗೆ ವಯಸ್ಸೆಷ್ಟು?

ಅಜ್ಜನವರು ತೀರಿಕೊಂಡು ಬಹುಕಾಲ ಸಂದಿತು. ಅಪ್ಪಯ್ಯ ತೀರಿಕೊಂಡು ಎರಡು ವರ್ಷ ಕಳೆಯಿತು. ಅವರಿಬ್ಬರ ಹೆಸರಿನಲ್ಲಿ ಒಬ್ಬರ ಬಳಿಕ ಒಬ್ಬರಿಗೆ ನಡೆದು ಬಂದ ಬೆಳೆ ರಕ್ಷಣೆಯ ಕೋವಿಯೊಂದು ನಮ್ಮ ಮನೆಯಲ್ಲಿತ್ತು. ಅದರ ಪರವಾನಿಗೆ ನನ್ನ ಹೆಸರಿಗೆ ಆಗಬೇಕೆಂದು ಅರ್ಜಿ ಬರೆದುಕೊಟ್ಟೆ. ಅರ್ಜಿಯ ಬೆನ್ನು ಹಿಡಿದು ಹೋದಲ್ಲೆಲ್ಲ ನನಗೆ ಎದುರಾದ ಪ್ರಶ್ನೆ ಒಂದೇ: “ಈ ಕೋವಿ ತಯಾರಾದದ್ದು ಯಾವ ವರ್ಷ?”

ನಮ್ಮದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಒಂಟಿ ನಳಿಗೆ. ನಳಿಗೆಯ ಮೇಲೆ ತಯಾರಕನ ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ. ಮರದ ಹಿಡಿಗೆ ಬಡಿದ ಸಣ್ಣ ತಗಡಿನಲ್ಲಿ ಎಂದೋ ಯಾವುದೋ ಕಚೇರಿಯವರು ಕೊರೆಸಿದ ಒಂದು ನಂಬ್ರವಿದೆ. ಅದರ ಕೊನೆಯ ಎರಡು ಅಂಕೆಗಳು ಕೈಬೆವರಿಗೆ ಸವೆದುಹೋಗಿವೆ. ಎಲ್ಲಿಂದ ಬಂತೆಂದು ಕೇಳಿದರೆ ಅಜ್ಜನವರು “ನನ್ನ ಅಜ್ಜನ ಕಾಲದ್ದು” ಎಂದು ಹೇಳಿ ಎಲೆ ಅಡಿಕೆಗೆ ಕೈ ಹಾಕುತ್ತಿದ್ದರು. ಸರಕಾರದ ಕಾಗದದಲ್ಲಿ ಆ ಉತ್ತರ ನಡೆಯುವುದಿಲ್ಲ.

ಒಬ್ಬ ಗುಮಾಸ್ತರು ನನ್ನ ಮೇಲೆ ಕನಿಕರವಿಟ್ಟು, “ಮಾಷ್ಟ್ರೆ, ನೂರು ವರ್ಷ ದಾಟಿದ್ದಾದರೆ ಅದು ಪುರಾತನ ವಸ್ತು. ಅದಕ್ಕೆ ಲೈಸೆನ್ಸೇ ಬೇಡ, ಗೋಡೆಗೆ ತೂಗುಹಾಕಿ” ಎಂದರು. ಇನ್ನೊಂದು ಕಡೆಯವರು, “ನಂಬ್ರ ಸರಿಯಾಗಿ ಕಾಣದ ಕೋವಿ ಎಂದರೆ ನಾಡಕೋವಿ. ಮನೆಯಲ್ಲಿಟ್ಟುಕೊಂಡರೆ ಕೇಸು ಬೀಳುತ್ತದೆ” ಎಂದರು. ಮೂರನೆಯವರು, “ವರ್ಷ ಇಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಯಾವುದಾದರೂ ಒಂದು ವರ್ಷ ಬರೆದುಬಿಡಿ” ಎಂದರು. ಮಕ್ಕಳು ಗೊತ್ತಿಲ್ಲದ ಇಸವಿಯನ್ನು ಊಹಿಸಿ ಬರೆದರೆ ಕೆಂಪು ಗೆರೆ ಎಳೆಯುವ ಕೈ ನನ್ನದು. ಬರೆಯಲು ಮನಸ್ಸು ಬರಲಿಲ್ಲ. ಕೋವಿಯನ್ನು ಠಾಣೆಗೆ ಒಪ್ಪಿಸಿ, ರಸೀದಿ ಪಡೆದು ಬಂದೆ.

ಇದು ನನ್ನೊಬ್ಬನ ಕತೆಯಾಗಿದ್ದರೆ ಕೃಷಿ ಪುಟದ ಜಾಗವನ್ನು ನಾನು ಕೇಳುತ್ತಿರಲಿಲ್ಲ. ದೇಲಂಪಾಡಿ, ಕಾರಡ್ಕ, ಬೆಳ್ಳೂರು, ಎಣ್ಮಕಜೆ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಇಂತಹ ಕೋವಿಗಳು ಇರುವುದು ನಮಗೆಲ್ಲರಿಗೂ ಗೊತ್ತು. ಮೂರು ಬಾಯಿಯಿಂದ ಬಂದ ಮೂರು ಮಾತುಗಳಲ್ಲಿ ಯಾವುದನ್ನು ನಂಬಿ ನಡೆದರೂ ಕೃಷಿಕನು ಕೆಡುತ್ತಾನೆ. ೨೦೧೯ರ ತಿದ್ದುಪಡಿಯ ತರುವಾಯ ಪರವಾನಿಗೆ ಇಲ್ಲದೆ ಕೋವಿ ಇಟ್ಟುಕೊಂಡವನಿಗೆ ಕನಿಷ್ಠ ಎರಡು ವರ್ಷ, ಹೆಚ್ಚೆಂದರೆ ಐದು ವರ್ಷದ ಸಜೆ. ಮೊದಲು ಅದು ಒಂದರಿಂದ ಮೂರು ವರ್ಷದ್ದಾಗಿತ್ತು. ಆದುದರಿಂದ ಕಾನೂನಿನ ಮಾತನ್ನೇ ತೆರೆದು ನೋಡುವುದು ಲೇಸೆಂದು ತೋರಿತು. ನಾನು ವಕೀಲನಲ್ಲ, ಓದಲು ಬರುವ ಮಾಸ್ತರ, ಅಷ್ಟೇ.

ಆಯುಧಗಳ ವಿಷಯ ನಮ್ಮ ಸಂವಿಧಾನದಲ್ಲಿ ಕೇಂದ್ರ ಪಟ್ಟಿಗೆ ಸೇರಿದ್ದು. ೧೮೭೮ರ ಬ್ರಿಟಿಷರ ಕಾನೂನನ್ನು ತೆಗೆದು ಪಾರ್ಲಿಮೆಂಟು ೧೯೫೯ರಲ್ಲಿ ಆಯುಧ ಕಾನೂನನ್ನು ಮಾಡಿತು; ಅದು ಜಾರಿಗೆ ಬಂದದ್ದು ೧೯೬೨ರ ಅಕ್ಟೋಬರ ೧ರಂದು. ಆದರೆ ಪರವಾನಿಗೆ ಬರೆಯುವವರು ಜಿಲ್ಲಾ ಮ್ಯಾಜಿಸ್ಟ್ರೇಟರು, ವರದಿ ಕೊಡುವವರು ಹತ್ತಿರದ ಠಾಣೆಯವರು. ಇಬ್ಬರೂ ರಾಜ್ಯ ಸರಕಾರದ ಜನ. ಬರೆದವರು ಒಬ್ಬರು, ಅರ್ಥ ಹೇಳುವವರು ಬೇರೊಬ್ಬರು. ಕೋವಿಯ ವಯಸ್ಸಿನ ಗೊಂದಲ ಹುಟ್ಟುವುದು ಈ ಸಂದಿಯಲ್ಲಿ.

ಈ ಕಾನೂನಿನ ೪೫ನೆಯ ಕಲಮು ಕೆಲವು ಆಯುಧಗಳನ್ನು ಕಾನೂನಿನ ಹೊರಗೆ ಇರಿಸಿದೆ. ಹಳೆಯ ಮಾದರಿಯದು, ಪುರಾತನ ಬೆಲೆಯುಳ್ಳದ್ದು, ಇಲ್ಲವೆ ಕೆಟ್ಟುಹೋದದ್ದು. ಗುಮಾಸ್ತರು ಕೇಳಿ ತಿಳಿದದ್ದು ಇಷ್ಟನ್ನೇ. ಕಲಮು ಅಲ್ಲಿಗೆ ನಿಲ್ಲುವುದಿಲ್ಲ. ದುರಸ್ತಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲು ಬಾರದಂತಹದ್ದು ಎಂಬ ಶರತ್ತು ಕೂಡಿಯೇ ಇದೆ. ಕೋವಿ ತಯಾರಾದ ಇಸವಿಯ ಮಾತು ಇಡೀ ಕಲಮಿನಲ್ಲಿ ಇಲ್ಲ. ಎಂದರೆ ನಮ್ಮ ಕಾನೂನು ‘ನೀನು ಹುಟ್ಟಿದ್ದು ಎಂದು?’ ಎಂದು ಕೋವಿಯನ್ನು ಕೇಳುವುದಿಲ್ಲ, ‘ನಿನ್ನಲ್ಲಿ ಜೀವ ಇದೆಯೋ?’ ಎಂದು ಕೇಳುತ್ತದೆ. ಕೇಪು ಸಿಕ್ಕಿಸುವ ಕಿರುಗೊಳವೆಯೊಂದನ್ನು ಬದಲಿಸಿದರೆ, ತುಕ್ಕು ಹಿಡಿದ ಕುದುರೆಗೆ ಒಂದು ಹೊಸ ಸ್ಪ್ರಿಂಗು ಹಾಕಿದರೆ, ನಮ್ಮ ಊರಿನ ಯಾವ ಆಚಾರಿಯ ಕೈಯಲ್ಲಾದರೂ ಕೇಪಿನ ಕೋವಿ ಪುನಃ ಈಡು ಹೊಡೆಯುತ್ತದೆ. ಅದು ನೂರು ವರ್ಷದ್ದಾಗಲಿ ಇನ್ನೂರು ವರ್ಷದ್ದಾಗಲಿ ಪರವಾನಿಗೆ ಬೇಕೇ ಬೇಕು.

ಆ ‘ನೂರು ವರ್ಷ’ ಎಂಬುದು ಎಲ್ಲಿಂದ ಬಂತು? ಅದು ಬೇರೊಂದು ಕೇಂದ್ರ ಕಾನೂನಿನ ಮಾತು. ೧೯೭೨ರ ಪ್ರಾಚೀನ ವಸ್ತುಗಳ ಮತ್ತು ಕಲಾಸಂಪತ್ತಿನ ಕಾನೂನು ನೂರು ವರ್ಷಕ್ಕೆ ಕಡಮೆಯಿಲ್ಲದ ವಸ್ತುವನ್ನು ಪ್ರಾಚೀನವೆಂದು ಎಣಿಸುತ್ತದೆ. ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ. ದೇವಸ್ಥಾನದ ವಿಗ್ರಹ, ಓಲೆಗರಿಗಳು ಕಳ್ಳದಾರಿಯಲ್ಲಿ ಹೊರದೇಶಕ್ಕೆ ಹೋಗಬಾರದೆಂದು ಮಾಡಿದ ಕಾನೂನು ಅದು. ಅದರ ಅಳತೆಗೋಲನ್ನು ತಂದು ಆಯುಧ ಕಾನೂನಿಗೆ ಹಿಡಿದರೆ ಅನರ್ಥವಾಗುತ್ತದೆ. ಅಜ್ಜನ ಕೋವಿ ಒಂದು ಕಾನೂನಿನ ಕಣ್ಣಿಗೆ ಪ್ರಾಚೀನ ವಸ್ತುವಾಗಿಯೂ, ಇನ್ನೊಂದರ ಕಣ್ಣಿಗೆ ಪರವಾನಿಗೆ ಇಲ್ಲದ ಆಯುಧವಾಗಿಯೂ ಏಕಕಾಲಕ್ಕೆ ಇರಬಲ್ಲದು. ಗೋಡೆಗೆ ತೂಗುಹಾಕಿದವನು ಸೆರೆಮನೆಗೆ ಹೋಗಬಹುದು. ಗುಮಾಸ್ತರ ಕನಿಕರ ಅಲ್ಲಿ ಜಾಮೀನು ಕೊಡಲಾರದು.

ಎರಡನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಎಂಟನೆಯ ಕಲಮಿನ ಪ್ರಕಾರ ತಯಾರಕನ ಹೆಸರು, ನಂಬ್ರ ಅಥವಾ ಬೇರೆ ಗುರುತು ಇಲ್ಲದ ಕೋವಿಯನ್ನು ಮಾರುವಂತಿಲ್ಲ, ಇನ್ನೊಬ್ಬರಿಗೆ ವಹಿಸುವಂತಿಲ್ಲ. ಅಂತಹ ಕೋವಿ ಯಾರ ಕೈಯಲ್ಲಿದೆಯೋ ಅವನೇ ಗುರುತನ್ನು ಅಳಿಸಿದನೆಂದು ಕಾನೂನು ಮೊದಲಿಗೆ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಭಾರ ಅವನ ಮೇಲೆ. ಆದರೆ ಕಾನೂನು ಜಾರಿಗೆ ಬಂದ ದಿನವೇ ಗುರುತಿಲ್ಲದ ಕೋವಿ ಇದ್ದವನಿಗೆ ಒಂದು ವರ್ಷದ ಅವಧಿಯನ್ನು ಅದೇ ಕಲಮು ಕೊಟ್ಟಿತ್ತು. ಹಳ್ಳಿಯ ಮನೆಗಳಲ್ಲಿ ಇಂತಹ ಕೋವಿಗಳು ಇದ್ದವೆಂಬುದು ೧೯೫೯ರಲ್ಲಿ ಪಾರ್ಲಿಮೆಂಟಿಗೆ ತಿಳಿದಿತ್ತು ಎಂದಾಯಿತು. ಹಿಡಿಯ ತಗಡಿನ ಮೇಲೆ ನಂಬ್ರ ಕೊರೆಸಿದ ನಮ್ಮ ಹಿರಿಯರು ಕಾನೂನಿಗೆ ತಲೆಬಾಗಿದವರೇ. ಅಂಕೆ ಸವೆದದ್ದಕ್ಕೆ ಕಾಲವನ್ನು ಹಿಡಿದು ಕೇಳಬೇಕು.

‘ನಾಡಕೋವಿ’ ಎಂಬ ಶಬ್ದವೂ ನಮಗೆ ಮೋಸ ಮಾಡಿದೆ. ಹಿರಿಯರು ವಿಲಾಯತಿ ತೋಟೆಕೋವಿಯಿಂದ ಬೇರ್ಪಡಿಸಿ ಊರಿನ ಕೇಪಿನ ಕೋವಿಯನ್ನು ನಾಡಕೋವಿ ಎಂದರು. ಈಚೆಗೆ ಪತ್ರಿಕೆಗಳಲ್ಲಿ ‘ನಾಡಕೋವಿ ವಶ’ ಎಂದು ಬಂದರೆ ಕಳ್ಳಕೋವಿ ಎಂದೇ ಅರ್ಥ. ನಮ್ಮ ಜಿಲ್ಲೆಯಲ್ಲಿ ಕಡತ ನಡೆಯುವುದು ಮಲೆಯಾಳದಲ್ಲಿ. ಅಲ್ಲಿಯೂ ‘ನಾಡನ್ ತೋಕ್ಕ್’ ಎಂದರೆ ಅದೇ ವಾಸನೆ. ಅರ್ಜಿ ಬರೆಯುವ ಕೃಷಿಕರು ಈ ಶಬ್ದವನ್ನು ಬಿಟ್ಟು ‘ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆ ಕೋವಿ’ ಎಂದು ಉದ್ದಕ್ಕೆ ಬರೆಯುವುದೊಳ್ಳೆಯದು.

ಹಾಗೆ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಬಹಳ ಮಂದಿ ತಿಳಿದಿಲ್ಲ. ೧೩ನೆಯ ಕಲಮಿನ ಮೂರನೆಯ ಉಪಕಲಮು ಬಾಯಿಯಿಂದ ತುಂಬುವ ಕೋವಿಯನ್ನು ಹೆಸರಿಟ್ಟು ಕರೆದು, ನಿಜವಾಗಿ ಬೆಳೆ ರಕ್ಷಣೆಗಾಗಿ ಅದನ್ನು ಕೇಳುವ ನಾಗರಿಕನಿಗೆ ಪರವಾನಿಗೆ ಕೊಡತಕ್ಕದ್ದೆಂದು ಹೇಳಿದೆ. ನಿರಾಕರಿಸಲು ೧೪ನೆಯ ಕಲಮಿನ ಕಾರಣಗಳು ಬೇಕು. ಅಂತಹ ಕೋವಿ ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ಬೇರೆ ಕೋವಿಗೂ ಪರವಾನಿಗೆ ಕೊಡಬಹುದು. ಪಾರ್ಲಿಮೆಂಟಿನ ಕಣ್ಣಿಗೆ ಕೇಪಿನ ಕೋವಿ ವಸ್ತುಸಂಗ್ರಹಾಲಯದ ಸಾಮಾನಲ್ಲ, ಹಾರೆ ಕತ್ತಿಗಳಂತೆ ಬೇಸಾಯಗಾರನ ಹತ್ಯಾರು. ಇದನ್ನು ಓದಿದ ಮೇಲೆ ‘ಹಳೆಯ ಮಾದರಿ’ ಎಂದು ಅದನ್ನು ತಳ್ಳಿಹಾಕುವುದು ಹೇಗೆ?

ಇನ್ನು ವರ್ಷದ ಪ್ರಶ್ನೆ. ನನ್ನ ಕೋವಿಯ ಹಿಡಿ ಹಲಸಿನ ಮರದ್ದು. ಅಪ್ಪಯ್ಯನ ಕಾಲದಲ್ಲಿ ಒಡೆದುಹೋದ ಹಳೆಯದನ್ನು ತೆಗೆದು ಹಾಕಿಸಿದ್ದು, ಹಳೆಯ ತಗಡನ್ನು ಅದಕ್ಕೇ ಬಡಿಸಿದ್ದು. ಗಜ ಎರಡು ಸಲ ಬದಲಾಗಿದೆ. ನಳಿಗೆ ಮಾತ್ರ ಮೊದಲಿನದು. ಇದರ ಹುಟ್ಟುವರ್ಷ ಯಾವುದೆಂದು ಬರೆಯಲಿ? ಕೇಳುವವರು ನಗಬಹುದು, ಆದರೆ ಅಮೇರಿಕಾ ದೇಶದಲ್ಲಿ ಈ ಬಗೆಯ ಪ್ರಶ್ನೆಯ ಮೇಲೆ ಜನ ತಲೆ ಕೆಡಿಸಿಕೊಂಡಿದ್ದಾರೆ. ಅಲ್ಲಿಯ ಒಕ್ಕೂಟ ಸರಕಾರದ ೧೯೬೮ರ ಕಾನೂನು ೧೮೯೮ರಲ್ಲಿ ಅಥವಾ ಅದಕ್ಕೆ ಮೊದಲು ತಯಾರಾದ ಕೋವಿಯನ್ನು ಪುರಾತನವೆಂದು ತನ್ನ ಹಿಡಿತದಿಂದ ಬಿಟ್ಟಿದೆ. ಅಲ್ಲಿಯ ರಾಜ್ಯಗಳಿಗೋ ತಂತಮ್ಮ ಕಾನೂನು ಬೇರೆ ಇದೆ. ಒಕ್ಕೂಟ ಬಿಟ್ಟುಕೊಟ್ಟದ್ದನ್ನು ಕೆಲವು ರಾಜ್ಯಗಳು ಬಿಟ್ಟುಕೊಡುವುದಿಲ್ಲವಾದುದರಿಂದ ಗಡಿ ದಾಟಿದವನು ಅರಿಯದೆ ತಪ್ಪಿತಸ್ಥನಾಗುವುದುಂಟು. ಇಂಗ್ಲೆಂಡಿನವರು ಬಹುಕಾಲ ಇಸವಿಯಿಲ್ಲದೆ ನಡೆಸಿ, ಕೊನೆಗೆ ೨೦೨೧ರಲ್ಲಿ ನಿಯಮ ಮಾಡಿ, ೧೯೩೯ರ ಸಪ್ಟಂಬರ ೧ಕ್ಕೆ ಮೊದಲು ತಯಾರಾದುದಾಗಿರಬೇಕೆಂದು ಗೆರೆ ಎಳೆದರು. ಆ ಗೆರೆ ಸರಿಯೋ ತಪ್ಪೋ ಅವರವರ ವಿಚಾರ. ಅಲ್ಲಿ ಗೆರೆ ಇದೆ, ಅದು ಅಚ್ಚಾಗಿದೆ. ನಮ್ಮಲ್ಲಿ ಕಾನೂನು ಕೇಳದ ಇಸವಿಯನ್ನು ಕಚೇರಿ ಕೇಳುತ್ತದೆ.

ವಿಲಾಯತಿ ಕೋವಿ ಇರುವವರಿಗೆ ಸ್ವಲ್ಪ ಅನುಕೂಲವಿದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ ೧೮೧೩ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ ಪರೀಕ್ಷೆಯಾದ ನಳಿಗೆಯ ಅಡಿಯಲ್ಲಿ ಅವರ ಮುದ್ರೆಗಳಿರುತ್ತವೆ. ಬೆಲ್ಜಿಯಮಿನ ಲೀಯೇಜ್ ಊರಿನವರು ೧೯೨೨ರಿಂದ ವರ್ಷಕ್ಕೊಂದು ಅಕ್ಷರವನ್ನು ಒತ್ತುತ್ತ ಬಂದಿದ್ದಾರೆ. ಬಲ್ಲವರಿಗೆ ಇವುಗಳಿಂದ ಕಾಲ ತಿಳಿಯುತ್ತದೆ. ಇದರ ಪ್ರಯೋಜನ ಕಚೇರಿಗೆ ಮಾತ್ರವಲ್ಲ, ನಮ್ಮ ಮೈಗೂ ಇದೆ. ಕರಿಮದ್ದಿನ ಕಾಲಕ್ಕೆಂದು ಮಾಡಿದ ಹಳೆಯ ನಳಿಗೆಗೆ, ಅದರಲ್ಲಿಯೂ ಕಬ್ಬಿಣದ ಪಟ್ಟಿಗಳನ್ನು ತಿರುಚಿ ಬೆಸೆದ ನಳಿಗೆಗೆ, ಈಗಿನ ಹೊಗೆಯಿಲ್ಲದ ಮದ್ದಿನ ತೋಟೆ ಹಾಕಿದರೆ ನಳಿಗೆ ಒಡೆದು ಎಡಗೈ ಹಾರಿಹೋಗಬಹುದು. ಕೋವಿಯ ವಯಸ್ಸು ತಿಳಿಯಬೇಕಾದ ನಿಜವಾದ ಅಗತ್ಯ ಇದು. ಇದನ್ನು ಮಾತ್ರ ಯಾವ ಕಚೇರಿಯಲ್ಲಿಯೂ ನನ್ನನ್ನು ಯಾರೂ ಕೇಳಲಿಲ್ಲ.

ಊರ ಕೋವಿಗೆ ಮುದ್ರೆ ಇಲ್ಲ. ಅದಕ್ಕಿರುವ ಜಾತಕವೆಂದರೆ ಪರವಾನಿಗೆಯ ಹಳೆಯ ದಾಖಲೆಯೇ. ಅದು ಇರುವುದೆಲ್ಲಿ? ನಮ್ಮ ಕಾಸರಗೋಡು ತಾಲೂಕು ೧೯೫೬ರ ಅಕ್ಟೋಬರ ಕೊನೆಯ ತನಕ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕಲೆಕ್ಟರರ ಕಚೇರಿ ಮಂಗಳೂರು. ನವೆಂಬರ ೧ರಂದು ಕೇರಳಕ್ಕೆ ಸೇರಿ ಮಲಬಾರ್ ಜಿಲ್ಲೆಗೆ ಹೋಯಿತು. ೧೯೫೭ರ ಜನವರಿ ೧ರಿಂದ ಕಣ್ಣೂರು ಜಿಲ್ಲೆ. ೧೯೮೪ರ ಮೇ ೨೪ರಿಂದ ಕಾಸರಗೋಡೇ ಜಿಲ್ಲೆಯಾಯಿತು. ಅಟ್ಟದಲ್ಲಿ ಕದಲದೆ ಕೂತ ಕೋವಿಯ ಕಾಗದಪತ್ರ ಹೀಗೆ ಊರೂರು ತಿರುಗಿದೆ. ಅಜ್ಜನವರ ಮೊದಲ ಪುಸ್ತಕದಲ್ಲಿ ಮದ್ರಾಸ್ ಸರಕಾರದ ಮೊಹರಿದೆ, ಒಳಗೆ ಇಂಗ್ಲಿಷಿನಲ್ಲಿ ಕೋವಿಯ ಜಾತಿ ಮತ್ತು ಸಂಖ್ಯೆ ಒಂದು ಎಂದಷ್ಟೇ ಇದೆ. ಅದರ ಪ್ರತಿಯನ್ನು ಕೊಟ್ಟೆ. “ಇದು ಬೇರೆ ರಾಜ್ಯದ್ದಲ್ಲವೋ?” ಎಂದು ಕೇಳಿದರು. ಬೇರೆ ರಾಜ್ಯಕ್ಕೆ ಹೋದದ್ದು ನಾವಲ್ಲ, ಗಡಿ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಗಡಿಯ ಮಾತು ಬಂದುದರಿಂದ ಘಟ್ಟದ ಕಡೆಗೂ ಒಮ್ಮೆ ನೋಡಬಹುದು. ಪಾಣತ್ತೂರಿನ ಆಚೆ ಕಾಡು ದಾಟಿದರೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಪರವಾನಿಗೆಯೇ ಬೇಡ. ೧೮೬೧ರಲ್ಲಿ ಕಮಿಶನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯತಿ ಒಂದಲ್ಲ ಒಂದು ರೂಪದಲ್ಲಿ ಉಳಿದು ಬಂದಿದೆ. ಕೇಂದ್ರ ಸರಕಾರವು ೪೧ನೆಯ ಕಲಮಿನ ಅಧಿಕಾರದಿಂದ ೨೦೧೯ರಲ್ಲಿ ಅದನ್ನು ೨೦೨೯ರ ತನಕ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಸರಿಯೆಂದಿತು. ನನಗೆ ಅಸೂಯೆಯಿಲ್ಲ, ಅವರ ಬದುಕಿನಲ್ಲಿ ಕೋವಿಗೆ ಪೂಜೆಯೇ ಉಂಟು. ನಮಗೆ ಅಂತಹ ವಿನಾಯತಿಯೂ ಬೇಡ. ಆದರೆ ಒಂದು ಮಾತು ಇದರಿಂದ ಸಿದ್ಧವಾಗುತ್ತದೆ: ದಿಲ್ಲಿಯವರು ಮನಸ್ಸು ಮಾಡಿದರೆ ಒಂದು ಅಧಿಸೂಚನೆಯಿಂದ ಹಳೆಯ ಕೋವಿಗಳ ವಿಷಯವನ್ನು ಸ್ಪಷ್ಟಪಡಿಸಬಲ್ಲರು.

ಇಷ್ಟೆಲ್ಲ ಒಂದು ತುಕ್ಕು ಕೋವಿಗಾಗಿ ಏಕೆ ಎಂದು ಪೇಟೆಯ ವಾಚಕರು ಕೇಳಬಹುದು. ಅವರು ಒಂದು ಬೆಳಿಗ್ಗೆ ನಮ್ಮ ಮರಗೆಣಸಿನ ಸಾಲನ್ನು ಬಂದು ನೋಡಬೇಕು. ಹಂದಿಗಳ ಹಿಂಡು ರಾತ್ರಿ ಇಳಿದರೆ ಕೆಸು, ಬಾಳೆಕಂದು, ಹೊಸದಾಗಿ ನೆಟ್ಟ ತೆಂಗಿನ ಸಸಿ ಯಾವುದನ್ನೂ ಬಿಡುವುದಿಲ್ಲ. ಉತ್ತ ಗದ್ದೆಯ ಹಾಗೆ ಮಣ್ಣು ಮಗುಚಿರುತ್ತದೆ. ನನ್ನ ಕೋವಿ ಠಾಣೆಗೆ ಹೋದ ವರ್ಷ ನಾನು ಗೆಣಸು ಕಿತ್ತದ್ದು ಎರಡು ಬುಟ್ಟಿ. ಅದರ ಹಿಂದಿನ ವರ್ಷ ಕೋವಿಯಿಂದ ಒಂದು ಹಂದಿಯೂ ಸತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಬರಿಯ ಮದ್ದು ತುಂಬಿ ಆಕಾಶಕ್ಕೆ ಒಂದು ಈಡು ಹೊಡೆದರೆ ನಾಲ್ಕು ದಿನ ಅವು ಇತ್ತ ಸುಳಿಯುತ್ತಿರಲಿಲ್ಲ.

ಹಂದಿಯ ವಿಷಯದಲ್ಲಿಯೂ ಕೇಂದ್ರಕ್ಕೂ ರಾಜ್ಯಕ್ಕೂ ತಾಳ ಕೂಡಿಲ್ಲ. ಕಾಡುಪ್ರಾಣಿಗಳ ರಕ್ಷಣೆ ಎರಡೂ ಸರಕಾರಗಳಿಗೆ ಸೇರಿದ ವಿಷಯ. ಹಂದಿಯನ್ನು ಉಪದ್ರವಕಾರಿ ಎಂದು ಸಾರಬೇಕೆಂದು ಕೇರಳ ಕೇಳಿತು, ಕೇಂದ್ರ ಒಪ್ಪಲಿಲ್ಲ. ೨೦೨೨ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ೧೯೭೨ರ ಕಾನೂನಿನ ೧೧ನೆಯ ಕಲಮನ್ನು ಹಿಡಿದು, ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯತುಗಳಿಗೆ ವಹಿಸಿತು. ವಿಷ, ಸ್ಫೋಟಕ, ವಿದ್ಯುತ್ತು ಕೂಡದು. ಪರವಾನಿಗೆಯುಳ್ಳ ಕೋವಿಯೇ ಆಗಬೇಕು. ೨೦೨೫ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ಕಾನೂನಿಗೇ ತಿದ್ದುಪಡಿ ಮಾಡುವ ಮಸೂದೆಯನ್ನು ಅಂಗೀಕರಿಸಿತು. ರಾಷ್ಟ್ರಪತಿಗಳ ಅಂಕಿತವಿಲ್ಲದೆ ಅಂತಹದು ನಡೆಯುವಂತಿಲ್ಲ. ಇರಲಿ. ಪಂಚಾಯತಿನವರು ಅಪ್ಪಣೆ ಕೊಟ್ಟರು ಎನ್ನೋಣ. ಹೊಡೆಯುವುದು ಯಾವುದರಿಂದ? ‘ಪರವಾನಿಗೆಯುಳ್ಳ ಕೋವಿ ತಾ’ ಎನ್ನುತ್ತದೆ ರಾಜ್ಯದ ಒಂದು ಇಲಾಖೆ. ಅದೇ ರಾಜ್ಯದ ಇನ್ನೊಂದು ಕಚೇರಿ ‘ವರ್ಷ ಹೇಳದೆ ಪರವಾನಿಗೆ ಇಲ್ಲ’ ಎನ್ನುತ್ತದೆ. ಅತ್ತ ದರಿ ಇತ್ತ ಪುಲಿ ಎಂದದ್ದು ಇದನ್ನೇ.

ಕೋವಿ ಹೆಚ್ಚಾದರೆ ಅಪಾಯವೂ ಹೆಚ್ಚು ಎಂಬುವರ ಮಾತನ್ನು ನಾನು ತಳ್ಳಿಹಾಕಲಾರೆ. ಕಾಡಿನ ದಾರಿಗೆ ಅಡ್ಡ ಕೋವಿ ಕಟ್ಟಿಟ್ಟು ಮೃಗದ ಬದಲು ಮನುಷ್ಯನನ್ನು ಕೊಂದವರಿದ್ದಾರೆ. ಮನೆಯಲ್ಲಿ ಮಕ್ಕಳ ಕೈಗೆ ಸಿಕ್ಕಿದ ಕೋವಿಯಿಂದ ಆಗುವ ಅನಾಹುತ ಮಾಸ್ತರನಾದ ನನಗೆ ತಿಳಿಯದ್ದಲ್ಲ. ಆದುದರಿಂದಲೇ ಹೇಳುವುದು, ದಾಖಲೆಯಲ್ಲಿರುವ ಕೋವಿಯನ್ನು ದಾಖಲೆಯಲ್ಲಿಯೇ ಉಳಿಸಿರಿ ಎಂದು. ಕಳ್ಳಕೋವಿಯವನನ್ನು ಯಾರೂ ವರ್ಷ ಕೇಳುವುದಿಲ್ಲ. ಕಚೇರಿಗೆ ತಾನಾಗಿ ಬಂದವನನ್ನು ಕೇಳಿ ಕೇಳಿ ಓಡಿಸಿದರೆ, ಅವನ ಮಗ ಬರಲಿಕ್ಕಿಲ್ಲ. ಕೋವಿ ಮಾತ್ರ ಮಾಡಿನ ಸಂದಿಯಲ್ಲಿ ಇದ್ದೇ ಇರುತ್ತದೆ.

ಆಗಬೇಕಾದದ್ದು ದೊಡ್ಡ ಕೆಲಸವೇನಲ್ಲ. ಕೇಂದ್ರದ ಗೃಹ ಇಲಾಖೆಯವರು ಒಂದು ಸುತ್ತೋಲೆಯಲ್ಲಿ, ೧೯೬೨ರ ಅಕ್ಟೋಬರ ೧ಕ್ಕೆ ಮೊದಲೇ ಪರವಾನಿಗೆಯಲ್ಲಿ ದಾಖಲಾದ ಕೋವಿಗೆ ಆ ದಾಖಲೆಯೇ ಸಾಕ್ಷಿ, ತಯಾರಾದ ವರ್ಷ ತಿಳಿಯದಿದ್ದಲ್ಲಿ ‘೧೯೬೨ಕ್ಕೆ ಮೊದಲು’ ಎಂದು ಬರೆದರೆ ಸಾಕು ಎಂದು ತಿಳಿಸಲಿ. ಸವೆದ ನಂಬ್ರವನ್ನು ಅಧಿಕಾರಿಯ ಎದುರಿನಲ್ಲಿ ಹೊಸತಾಗಿ ಒತ್ತಿಸಿ ಪುಸ್ತಕದಲ್ಲಿ ಬರೆಯುವ ಏರ್ಪಾಡಾಗಲಿ. ಕೋವಿ ಬಳಕೆಗೆ ಬರುವುದೋ ಬಾರದೋ ಎಂಬುದನ್ನು ತಿಳಿದವನೊಬ್ಬನು ತಾಲೂಕಿನಲ್ಲಿ ವರ್ಷಕ್ಕೊಮ್ಮೆ ಕುಳಿತು ನೋಡಿ ಚೀಟಿ ಕೊಡಲಿ. ಆ ಚೀಟಿ ಕಂದಾಯದವರಿಗೂ ಪೋಲೀಸರಿಗೂ ಒಂದೇ ಆಗಿರಲಿ. ರಾಜ್ಯ ಸರಕಾರ ಆ ಸುತ್ತೋಲೆಯನ್ನು ಎರಡು ಇಲಾಖೆಗಳಿಗೂ ಒಂದೇ ಮಾತಿನಲ್ಲಿ ಕಳುಹಿಸಲಿ. ಕಾಸರಗೋಡಿನ ಮಟ್ಟಿಗೆ ಕನ್ನಡದಲ್ಲಿಯೂ.

ಅಲ್ಲಿಯ ತನಕ ಕೃಷಿಕರು ಕೆಲವು ವಿಷಯಗಳಲ್ಲಿ ಜಾಗ್ರತೆಯಾಗಿರಬೇಕು. ಸವೆದ ನಂಬ್ರವನ್ನು ತಾವಾಗಿ ಆಚಾರಿಯಿಂದ ಕೊರೆಸಬಾರದು. ಸದುದ್ದೇಶದಿಂದ ಮಾಡಿದರೂ ಎಂಟನೆಯ ಕಲಮಿಗೆ ಸಿಕ್ಕಿಬೀಳುತ್ತಾರೆ. ತಗಡಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಪ್ರತಿ ತೆಗೆದಿಟ್ಟುಕೊಳ್ಳಿ, ಫೋಟೋಕ್ಕಿಂತ ಅದರಲ್ಲಿ ಅಂಕೆ ಚೆನ್ನಾಗಿ ಕಾಣುತ್ತದೆ. ಹಿರಿಯರ ಹಳೆಯ ಪುಸ್ತಕಗಳನ್ನು, ಗೆದ್ದಲು ತಿಂದಿದ್ದರೂ ಸರಿ, ಬಿಸಾಡಬೇಡಿ. ಪರವಾನಿಗೆದಾರರು ತೀರಿಕೊಂಡ ಕೂಡಲೆ ಕೋವಿಯನ್ನು ಠಾಣೆಯಲ್ಲಿಯೋ ಪರವಾನಿಗೆಯುಳ್ಳ ವ್ಯಾಪಾರಿಯಲ್ಲಿಯೋ ಇರಿಸಿ ರಸೀದಿ ಪಡೆಯಿರಿ, ಒಪ್ಪಿಸುವಾಗ ನಳಿಗೆಗೆ ದಪ್ಪಗೆ ಎಣ್ಣೆ ಹಚ್ಚಿ. ೨೦೧೬ರ ನಿಯಮಗಳ ಪ್ರಕಾರ ಎಪ್ಪತ್ತು ವರ್ಷ ದಾಟಿದ ಅಥವಾ ಇಪ್ಪತ್ತೈದು ವರ್ಷ ಕೋವಿ ಹೊಂದಿದ್ದ ಪರವಾನಿಗೆದಾರರು ಬದುಕಿರುವಾಗಲೇ ಅದು ವಾರಸುದಾರನ ಹೆಸರಿಗೆ ಆಗುವಂತೆ ಮಾಡಬಹುದು. ಅಪ್ಪಯ್ಯ ಇರುವಾಗ ನನಗೆ ಇದು ತಿಳಿದಿರಲಿಲ್ಲ. ತಿಳಿದಿದ್ದರೆ, ಕೋವಿ ಯಾರದೆಂದು ಹೇಳುವುದಕ್ಕೆ ಅವರೇ ನನ್ನ ಜತೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು.

ಬರುವ ವಾರ ಶಾಲೆಗೆ ಅರ್ಧ ದಿನದ ರಜೆ ಬರೆದು ನಾನು ಪುನಃ ಹೋಗುವವನಿದ್ದೇನೆ. ‘ತಯಾರಾದ ವರ್ಷ ತಿಳಿಯದು, ೧೯೬೨ಕ್ಕೆ ಮೊದಲಿನದು, ದಾಖಲೆ ಲಗತ್ತಿಸಿದೆ’ ಎಂದು ಬರೆದಿದ್ದೇನೆ. ನಿರಾಕರಿಸುವುದಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಲು ೧೪ನೆಯ ಕಲಮು, ಮೇಲಿನವರಿಗೆ ಅಪೀಲು ಕೊಡಲು ೧೮ನೆಯ ಕಲಮು ಇದೆ. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಂಡಿದ್ದೇನೆ. ಠಾಣೆಯಲ್ಲಿ ಕೋವಿಯನ್ನು ನೋಡಿ ಬಂದ ನೆರೆಯವರು, ನಳಿಗೆಯ ಬಾಯಿಗೆ ಜೇಡ ಬಲೆ ಕಟ್ಟಿದೆ ಎಂದು ಹೇಳಿದರು.